‘ಏನೂ ಮಾಡಲ್ಲ ಬನ್ನಿ ಮೇಡಂ’

ಇವತ್ತು ಬೆಳಗ್ಗೆ ಪಾರ್ಕಿನಲ್ಲಿ ಮತ್ತೆ ಅದೇ ಮಾತು. “ಏನೂ ಮಾಡಲ್ಲ ಬನ್ನಿ ಮೇಡಂ.” ನೆತ್ತಿಗೇರಿದ ಸಿಟ್ಟು ಮನೆಗೆ ಬಂದು ಎರಡು ಲೋಟ ಕಾಫಿ ಕುಡಿದರೂ ಇಳಿದಿಲ್ಲ. ಅದಕ್ಕೇ ಇಲ್ಲಿ ಕಕ್ಕುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ಮೊದಲೇ ಹೇಳಿಬಿಡುತ್ತೇನೆ. “ನಿಮಗೆ ನಾಯಿ ಕಂಡ್ರೆ ಆಗಲ್ಲ” ಅಂತ ಶುರು ಮಾಡಬೇಡಿ. ನಾನು ಬೆಳೆದದ್ದು ತೀರ್ಥಹಳ್ಳಿ ಕಡೆಯ ಒಂದು ಒಂಟಿಮನೆಯಲ್ಲಿ. ನಾಯಿ ಇಲ್ಲದ ಮನೆಯೇ ಆ ಕಡೆ ಅಪರೂಪ. ನಮ್ಮ ಕರಿಯನನ್ನು ಚಿರತೆ ಹೊತ್ತುಕೊಂಡು ಹೋದ ದಿನ ಅಪ್ಪ ಊಟ ಮಾಡಲಿಲ್ಲ. ನನ್ನ ತಕರಾರು ನಾಯಿ ಮೇಲೆ ಅಲ್ಲ. ಬೆಲ್ಟನ್ನು ನಾಯಿ ಕೊರಳಿಗೆ ಹಾಕುವ ಬದಲು ತನ್ನ ಕೊರಳಿಗೆ ಶಲ್ಯದ ಹಾಗೆ ಹಾಕಿಕೊಂಡು, ಕೈ ಬೀಸಿಕೊಂಡು ವಾಕಿಂಗ್ ಬರುವ ಮನುಷ್ಯನ ಮೇಲೆ.

ನಮ್ಮ ಮನೆ ಇರುವುದು ಶಿವಮೊಗ್ಗದಲ್ಲಿ, ವಿನೋಬನಗರದ ಕಡೆ. ಅಮ್ಮನಿಗೆ 71. ಹೋದ ವರ್ಷ ಮಂಡಿ ಆಪರೇಷನ್ ಆಯಿತು. ದಿನಾ ಅರ್ಧ ಗಂಟೆ ಸಮತಟ್ಟಾದ ಜಾಗದಲ್ಲಿ ನಡೆಸಿ ಅಂದರು ಡಾಕ್ಟರು. ಸಮತಟ್ಟಾದ ಜಾಗ! 2016ರಲ್ಲಿ ನಮ್ಮೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಅಲ್ಲಲ್ಲಿ ಫುಟ್‌ಪಾತ್ ಚೆನ್ನಾಗಿ ಆಗಿದೆ, ಇಲ್ಲ ಅನ್ನಲ್ಲ. ಆದರೆ ಅದರ ಮೇಲೆ ಬೈಕು ನಿಂತಿರುತ್ತದೆ, ಗೋಬಿ ಗಾಡಿ ನಿಂತಿರುತ್ತದೆ, ಒಮ್ಮೊಮ್ಮೆ ಟ್ರಾನ್ಸ್‌ಫಾರ್ಮರ್ರೇ ನಿಂತಿರುತ್ತದೆ. ವಯಸ್ಸಾದವರಿಗೆ ಉಳಿದದ್ದು ಬಡಾವಣೆಯ ಪಾರ್ಕು. ಸುತ್ತ ಇಂಟರ್‌ಲಾಕ್ ಹಾಸಿದ ಹಾದಿ, ಅಗಲ ಇಬ್ಬರು ಪಕ್ಕಪಕ್ಕ ನಡೆಯುವಷ್ಟು. ಅದರಲ್ಲೇ ಎಲ್ಲರೂ.

ಎಲ್ಲರೂ ಅಂದರೆ ಎಲ್ಲರೂ. ನಾಲ್ಕು ಜನ ಸಾಲಾಗಿ ನಡೆಯುವ ಅಕ್ಕಂದಿರು, ಉಲ್ಟಾ ಸುತ್ತುವ ಒಬ್ಬ ರಿಟೈರ್ಡ್ ಸಾಹೇಬರು, ಸೈಕಲ್ ತರುವ ಹುಡುಗರು, ರೀಲ್ಸ್ ಮಾಡುವವರು. ನಾನೂ ಏನು ಸಾಚಾ ಅಲ್ಲ, ಫೋನಿನಲ್ಲಿ ಜೋರಾಗಿ ವಾರ್ತೆ ಹಾಕಿಕೊಂಡು ಬೈಸಿಕೊಂಡಿದ್ದೇನೆ. ಬೈದ ಮೇಲೆ ಸಣ್ಣ ಮಾಡಿದೆ. ಹಾಗೆ ಸಣ್ಣಪುಟ್ಟದ್ದು ಹೊಂದಿಕೊಂಡು ಹೋಗುತ್ತದೆ. ನಾಯಿದು ಮಾತ್ರ ಹೊಂದುವುದಿಲ್ಲ. ಯಾಕೆಂದರೆ ಅಲ್ಲಿ ಮಾತಾಡುವ ಮುಂಚೆಯೇ ಎಲ್ಲ ಮುಗಿದಿರುತ್ತದೆ.

ಆಗಿದ್ದು ಪುಷ್ಯ ಮಳೆ ಹಿಡಿದ ವಾರ, ಗುರುವಾರ. ಆ ಮಳೆಯಲ್ಲಿ ನಮ್ಮ ಕಡೆ ಇಂಟರ್‌ಲಾಕ್ ಮೇಲೆ ಹಾವಸೆ ಕಟ್ಟಿ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಅಮ್ಮ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ನನ್ನ ತೋಳು ಹಿಡಿದು ಹೆಜ್ಜೆ ಇಡುತ್ತಿದ್ದರು. ತಿರುವಿನಿಂದ ಒಂದು ಲ್ಯಾಬ್ರಡಾರ್ ಬಂತು. ಬಂತು ಅಂದರೆ, ಮೂವತ್ತು ಕೆಜಿ ಅಕ್ಕಿ ಚೀಲ ಗಾಲಿ ಕಟ್ಟಿಕೊಂಡು ಬಂದ ಹಾಗೆ. ಅದರ ಮುಖದಲ್ಲಿ ಸಿಟ್ಟಿರಲಿಲ್ಲ, ಖುಷಿಯೇ ಇತ್ತು. ಎರಡೂ ಮುಂಗಾಲು ಎತ್ತಿ ಅಮ್ಮನ ಮೇಲೆ ಹಾರಿತು. ಕೊಡೆ ಹಾರಿಹೋಯಿತು, ಅಮ್ಮ ಅಲ್ಲೇ ಕುಸಿದು ಕೂತರು. ಮುಂಗೈ ಮೇಲೆ ಉದ್ದಕ್ಕೆ ಎರಡು ಗೀರು.

ಹಿಂದಿನಿಂದ ನಾಯಿಯ ಯಜಮಾನರು ಬಂದರು. ಓಡಿಕೊಂಡು ಅಲ್ಲ, ನಡೆದುಕೊಂಡು. ಬಂದವರು ಏನು ಹೇಳಿದರು ಅಂದುಕೊಂಡಿರಿ? “ಏನೂ ಮಾಡಲ್ಲ ಅಮ್ಮಾ, ಹೆದರ್ಬೇಡಿ. ಆಟ ಆಡ್ತಾನೆ ಅಷ್ಟೆ. ನೀವು ಹೆದರಿದ್ರೆ ಅವನಿಗೆ ಗೊತ್ತಾಗತ್ತೆ.”

ನೆಲದ ಮೇಲೆ ಕೂತ ಮುದುಕಿಗೆ ಹೇಳುವ ಮಾತಾ ಇದು? ಮಾಡಿ ಆಗಿದೆಯಲ್ಲ ಸ್ವಾಮಿ. ಕೊನೆಗೆ ತಪ್ಪು ನಮ್ಮದೇ ಆಯಿತು, ನಾವು ಹೆದರಬಾರದಿತ್ತು. ನಿಮ್ಮ ಬ್ರೂನೋ ನಿಮ್ಮ ಮನೆಯಲ್ಲಿ ಹುಟ್ಟುಹಬ್ಬ ಮಾಡಿಸಿಕೊಂಡಿರಬಹುದು, ನಿಮ್ಮ ಮೊಮ್ಮಗನ ಪಕ್ಕ ಮಲಗಬಹುದು. ಅವನು ಏನು ಮಾಡುತ್ತಾನೆ, ಏನು ಮಾಡಲ್ಲ ಅಂತ ನಿಮಗೆ ಗೊತ್ತು. ನನ್ನ ಅಮ್ಮನಿಗೆ ಹೇಗೆ ಗೊತ್ತಾಗಬೇಕು?

ಇಲ್ಲಿ ನಮ್ಮ ಹಳ್ಳಿ ನೆನಪಾಗುತ್ತದೆ. ನಮ್ಮ ಕಡೆ ಯಾರ ಮನೆಗಾದರೂ ಹೋದರೆ ದಣಪೆ ಹತ್ತಿರವೇ ನಿಂತು ಕೂಗುತ್ತಾರೆ, “ನಾಯಿ ಕಟ್ಟಿದೀರಾ?” ಒಳಗಿನಿಂದ ಯಾರಾದರೂ ಓಡಿ ಬಂದು ಹಿಡಿದುಕೊಂಡು “ಹಾಂ, ಬನ್ನಿ ಬನ್ನಿ” ಅಂದ ಮೇಲೇ ಅಂಗಳಕ್ಕೆ ಕಾಲಿಡುವುದು. ನೆಂಟ ಬರಲಿ, ಅಡಿಕೆ ಕೊನೆ ತೆಗೆಯುವವನು ಬರಲಿ, ಪೋಸ್ಟಿನವನು ಬರಲಿ. ನಮ್ಮದೇ ಅಂಗಳ, ನಮ್ಮದೇ ನಾಯಿ, ಆದರೂ ಕಟ್ಟುವುದು ನಮ್ಮ ಕೆಲಸ. “ಏನೂ ಮಾಡಲ್ಲ, ಸುಮ್ನೆ ಬನ್ನಿ” ಅಂತ ಅಂಗಳದಲ್ಲಿ ನಿಂತು ಉಪದೇಶ ಮಾಡಿದ್ದನ್ನು ನಾನು ಕಂಡಿಲ್ಲ. ಓದಿಲ್ಲದ ನಮ್ಮಜ್ಜನಿಗೆ ಇದ್ದ ಈ ಮರ್ಯಾದೆ, ಕಾರಿನಲ್ಲಿ ನಾಯಿ ಕೂರಿಸಿಕೊಂಡು ಪಾರ್ಕಿಗೆ ಬರುವವರಿಗೆ ಯಾಕಿಲ್ಲ?

ಇನ್ನು ಆಸ್ಪತ್ರೆ ಕಥೆ. ಮನೆಗೆ ಬಂದು ಗೀರನ್ನು ನಲ್ಲಿ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದೆ. ಇದನ್ನು ಎಲ್ಲರೂ ನೆನಪಿಟ್ಟುಕೊಳ್ಳಿ, ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ, ಸೋಪು ನೀರು ಅಷ್ಟೆ. ಆಮೇಲೆ ಸರ್ಕಾರಿ ಆಸ್ಪತ್ರೆಗೆ ಹೋದೆವು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “ಸಾಕಿದ ನಾಯಿನಾ? ಲಸಿಕೆ ಕಾರ್ಡ್ ಇದೆಯಾ?” ಯಜಮಾನರಿಗೆ ಫೋನ್ ಮಾಡಿದೆ. “ಎಲ್ಲಾ ಆಗಿದೆ ಮೇಡಂ, ಡೋಂಟ್ ವರಿ.” ಫೋಟೋ ಕಳಿಸಿ ಅಂದೆ. “ಕಾರ್ಡು ಎಲ್ಲೋ ಇದೆ, ನೋಡ್ತೀನಿ.”

ರಕ್ತ ಬಂದಿರಲಿಲ್ಲ, ಬರೀ ಚರ್ಮ ಕೆದರಿತ್ತು. ಹಾಗಾಗಿ ಗಾಯದ ಸುತ್ತ ಚುಚ್ಚುವ ಆ ದುಬಾರಿ ಔಷಧ ಬೇಕಾಗಲಿಲ್ಲ. ರಕ್ತ ಬಂದಿದ್ದರೆ ಅದೂ ಬೇಕಿತ್ತು. ನಮ್ಮದು ರೇಬೀಸ್ ಲಸಿಕೆಯ ನಾಲ್ಕು ಸಲದ ಕೋರ್ಸು. ಮೊದಲ ದಿನ (ಅದು ಸೊನ್ನೆ ಲೆಕ್ಕ), ಆಮೇಲೆ 3ನೇ ದಿನ, 7ನೇ ದಿನ, 28ನೇ ದಿನ. ಪ್ರತಿ ಸಲ ಎರಡೂ ತೋಳಿಗೆ ಒಂದೊಂದು. ಒಟ್ಟು ಎಂಟು ಸೂಜಿ, ಯಾರದೋ ಆಟಕ್ಕೆ. 3ನೇ ದಿನ ಭಾನುವಾರ ಬಿತ್ತು, ಓಪಿಡಿ ಇಲ್ಲ. ಎಮರ್ಜೆನ್ಸಿಯ ಬೆಂಚಿನ ಮೇಲೆ ಒಂದೂವರೆ ಗಂಟೆ ಕಾದೆವು. ಸೂಜಿ ಹಾಕಿದ ಸಿಸ್ಟರ್ ಒಳ್ಳೆಯವರು, “ಅಜ್ಜಿ, ಇರುವೆ ಕಚ್ಚಿದ ಹಾಗೆ ಅಷ್ಟೆ” ಅಂತ ನಗಿಸುತ್ತಾ ಹಾಕಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಂಡಿಗೆ ಏನಾದರೂ ಆಗಿದೆಯಾ ಅಂತ ಎಕ್ಸ್‌ರೇ ಬೇರೆ ತೆಗೆಸಿದೆವು. ಏನೂ ಆಗಿರಲಿಲ್ಲ, ತುಂಗಮ್ಮನ ಪುಣ್ಯ.

ಇದರಲ್ಲೇ ಒಂದು ತಮಾಷೆ ಇದೆ. ಆ ನಾಯಿಯನ್ನು ಹತ್ತು ದಿನ ನೋಡಿಕೊಂಡಿರಿ, ಮಂಕಾಗುತ್ತಾ, ಸಾಯುತ್ತಾ ಅಂತ, ಏನಿದ್ದರೂ ಬಂದು ಹೇಳಿ ಅಂದರು ಡಾಕ್ಟರು. ಯಜಮಾನರನ್ನು ನಂಬುವ ಹಾಗಿಲ್ಲ. ಅವರಿಗೆ ಅವನು ಸದಾ ಸೂಪರ್ ಆಗಿಯೇ ಇರುತ್ತಾನೆ. ಹಾಗಾಗಿ ಹತ್ತು ದಿನ ಬೆಳಗ್ಗೆ ಆರೂಕಾಲಿಗೆ ಕೊಡೆ ಹಿಡಿದು ಪಾರ್ಕಿನ ಗೇಟಿನ ಹತ್ತಿರ ನಿಂತು, ನಮ್ಮಮ್ಮನನ್ನು ಬೀಳಿಸಿದ ನಾಯಿಯ ಆರೋಗ್ಯ ವಿಚಾರಿಸಿಕೊಂಡೆ. ಅದು ಬಾಲ ಆಡಿಸಿಕೊಂಡು, ಬೆಲ್ಟ್ ಇಲ್ಲದೆ, ಕೆಸರೆಲ್ಲ ಎರಚಿಕೊಂಡು ಓಡುವುದನ್ನು ಕಂಡರೆ ನನಗೆ ಸಮಾಧಾನ! ಆರನೇ ದಿನ ಬರಲಿಲ್ಲ. ಎದೆ ಧಸಕ್ ಅಂತು. ರೇಬೀಸ್ ಲಕ್ಷಣ ಕಾಣಿಸಿಕೊಂಡರೆ ಆಮೇಲೆ ಮದ್ದಿಲ್ಲ ಅನ್ನುವುದು ತಲೆಯಲ್ಲಿ ಕೂತುಬಿಟ್ಟಿತ್ತು. ವಾಚ್‌ಮನ್‌ನನ್ನು ಕೇಳಿದೆ, ಎದುರು ಮನೆಯವರನ್ನು ಕೇಳಿದೆ. ಕೊನೆಗೆ ಗೊತ್ತಾಯಿತು, ಯಜಮಾನರು ಮದುವೆಗೆ ಭದ್ರಾವತಿಗೆ ಹೋಗಿದ್ದರಂತೆ. ಒಂದು ಮೆಸೇಜು ಹಾಕಬಹುದಿತ್ತಲ್ವಾ?

ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಹಾಕಿದ್ದೇ ತಪ್ಪಾಯಿತು. ಅರ್ಧ ಗಂಟೆಯಲ್ಲಿ ಎರಡು ಪಕ್ಷ. ಒಬ್ಬರು ಬರೆದರು, ಧರ್ಮರಾಯನೇ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲ್ಲ ಅಂದ, ನೀವು ಪಾರ್ಕಿಗೇ ಬಿಡಲ್ಲ ಅಂತೀರಾ ಅಂತ. ಸ್ವಾಮಿ, ಆ ನಾಯಿ ಹಸ್ತಿನಾವತಿಯಿಂದ ಹಿಮಾಲಯದ ತನಕ ತೆಪ್ಪಗೆ ಧರ್ಮರಾಯನ ಹಿಂದೆಯೇ ನಡೆದು ಬಂತು. ದಾರಿಯಲ್ಲಿ ಯಾರ ತಾಯಿಯ ಮೇಲೂ ಹಾರಿದ ಕಥೆಯನ್ನು ನಾನಂತೂ ಕೇಳಿಲ್ಲ. ಇನ್ನೊಬ್ಬರು ಕಾಲಭೈರವನ ವಾಹನದ ಫೋಟೋ ಹಾಕಿ ಕೈ ಮುಗಿದರು. ಅದಕ್ಕೆ ಏನು ಉತ್ತರ ಕೊಡಲಿ, ನಾನೂ ಕೈ ಮುಗಿದೆ.

ಮೂರನೆಯವರು ಸ್ವಲ್ಪ ಕಾನೂನು ಓದಿದವರು. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ತಂದು ಹಾಕಿದರು. ನಾಯಿ ಸಾಕಬೇಡಿ ಅಂತ ಬಡಾವಣೆಯ ಸಂಘಗಳು ಹೇಳುವ ಹಾಗಿಲ್ಲ ಅಂತ ಅದರಲ್ಲಿದೆ. ನಿಜ, ಇದೆ. ಆದರೆ ಸಾರ್ವಜನಿಕ ಜಾಗದಲ್ಲಿ ನಾಯಿಗೆ ಬೆಲ್ಟ್ ಹಾಕಿ ಹಿಡಿದುಕೊಳ್ಳಿ, ಅದು ಮಾಡಿದ ಗಲೀಜು ನೀವೇ ತೆಗೆಯಿರಿ ಅಂತಲೂ ಅದರಲ್ಲೇ ಇದೆ. ಅಷ್ಟು ಬಿಟ್ಟು ಓದಿದ್ದರು. ಗಲೀಜಿನ ವಿಷಯ ಜಾಸ್ತಿ ಬರೆಯಲ್ಲ, ಊಟದ ಹೊತ್ತು. ಬರಿಗಾಲಲ್ಲಿ ನಡೆಯಲಿ ಅಂತ ಪಾರ್ಕಿನಲ್ಲಿ ಉರುಟು ಕಲ್ಲಿನ ಹಾದಿ ಮಾಡಿದ್ದಾರಲ್ಲ, ಅಲ್ಲಿಗೆ ಈಗ ಯಾರೂ ಕಾಲಿಡುವುದಿಲ್ಲ. ಅಷ್ಟರಲ್ಲಿ ಅರ್ಥ ಮಾಡಿಕೊಳ್ಳಿ.

ವಕೀಲಿ ಮಾಡುವ ನಮ್ಮ ಭಾವನನ್ನು ಕೇಳಿದೆ. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಅಂದರು. ತಾನು ಸಾಕಿದ ಪ್ರಾಣಿಯಿಂದ ಬೇರೆಯವರಿಗೆ ಅಪಾಯ ಆಗದ ಹಾಗೆ ನೋಡಿಕೊಳ್ಳದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲ 5,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಮುಂಚೆ ಐಪಿಸಿಯಲ್ಲಿ ಇದೇ 289 ಆಗಿತ್ತು, ದಂಡ ಸಾವಿರ ರೂಪಾಯಿ. 2024ರ ಜುಲೈ 1ರಿಂದ ಐದು ಪಟ್ಟಾಗಿದೆ. ಕಂಪ್ಲೇಂಟ್ ಕೊಡೋಣ ಅಂತ ಹೊರಟೆ. ಅಮ್ಮ ಬಿಡಲಿಲ್ಲ. “ಪಾಪ, ಆ ನಾಯಿಗೆ ಏನು ಗೊತ್ತು ಮಾರಾಯ್ತಿ, ಬಿಡು” ಅಂದರು. ಅಮ್ಮಾ, ಸೆಕ್ಷನ್ ಇರುವುದು ನಾಯಿಗಲ್ಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ.

ಬೀದಿ ನಾಯಿಗಳ ವಿಷಯ 2025ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಯಿತು, ಟೀವಿಯಲ್ಲಿ ದಿನಗಟ್ಟಲೆ ಜಗಳ ನಡೆಯಿತು. ಯಜಮಾನ ಇರುವ ನಾಯಿ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ನಮ್ಮ ಪಾರ್ಕಿನಲ್ಲೂ ಒಂದು ಬೀದಿ ನಾಯಿ ಇದೆ, ಕೆಂಚ. ಕಲ್ಲುಬೆಂಚಿನ ಕೆಳಗೆ ಮಲಗಿರುತ್ತದೆ. ಅಮ್ಮ ಹೋದರೆ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚುತ್ತದೆ. ರಾತ್ರಿ ಹೊತ್ತು ಗುಂಪು ಕಟ್ಟಿಕೊಂಡು ಬೈಕಿನ ಹಿಂದೆ ಓಡುವುದೂ ಇದೇ ಕೆಂಚನೇ, ಸುಳ್ಳು ಯಾಕೆ ಹೇಳಲಿ. ಆದರೆ ಬೆಳಗ್ಗೆ ಗಲಾಟೆ ಶುರುವಾಗುವುದು ಬ್ರೂನೋ ಬಿಟ್ಟ ಬಾಣದ ಹಾಗೆ ಅವನ ಬೆಂಚಿನ ಹತ್ತಿರ ಹೋದ ಮೇಲೆ. ಎರಡೂ ಕಚ್ಚಾಡಿಕೊಂಡು ಹಾದಿಗೆ ಬರುತ್ತವೆ. ನಡುವೆ ಸಿಕ್ಕಿಕೊಳ್ಳುವುದು ಶುಗರ್ ಇಳಿಸಲು ಬಂದ ನಾವು.

ಗೇಟಿನ ಹತ್ತಿರ ನಿಯಮದ ಬೋರ್ಡು ಇದೆ. ಹೂ ಕೀಳಬೇಡಿ, ಉಗುಳಬೇಡಿ, ಉಯ್ಯಾಲೆ ಮಕ್ಕಳಿಗೆ ಮಾತ್ರ, ಹೀಗೆ. ನಾಯಿ ವಿಷಯ ಕೊನೆಯ ಸಾಲಿನಲ್ಲಿದೆ. ಆ ಸಾಲಿನ ಮೇಲೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿ ಎರಡು ತಿಂಗಳಾಯಿತು. ವಾಚ್‌ಮನ್‌ಗೆ ಹೇಳಿದರೆ, “ಅದನ್ನ ನಾ ಬಿಚ್ಚಿದ್ರೆ ನನ್ ಕೆಲ್ಸ ಹೋಗತ್ತೆ ಅಕ್ಕಾ” ಅನ್ನುತ್ತಾನೆ. ಅವನು ಹೇಳುವುದೂ ಸರಿಯೇ.

ಲ್ಯಾಬ್ರಡಾರ್ ಓಡಬೇಕಾದ ಪ್ರಾಣಿ, ಅದು ನನಗೂ ಗೊತ್ತು. ಮೂವತ್ತು ನಲವತ್ತರ ಸೈಟಿನ ಮನೆಯ ಬಾಲ್ಕನಿಯಲ್ಲಿ ದಿನವಿಡೀ ಕಟ್ಟಿಹಾಕಿದರೆ ಬೆಳಗ್ಗೆ ಬಿಟ್ಟ ಕೂಡಲೇ ಹುಚ್ಚೆದ್ದು ಓಡದೆ ಇನ್ನೇನು ಮಾಡುತ್ತದೆ? ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ನಾಯಿಗಳಿಗೇ ಅಂತ ಬೇಲಿ ಹಾಕಿದ ಜಾಗ ಇದೆ. ಇಲ್ಲೂ ಒಂದು ಮೂಲೆಗೆ ಬೇಲಿ ಹಾಕಿಸಿ ಅಂತ ಅರ್ಜಿ ಕೊಡಿ, ಮೊದಲ ಸಹಿ ನಾನು ಹಾಕುತ್ತೇನೆ. ಗುಂಪಿನಲ್ಲಿ ಇದನ್ನು ಬರೆದಾಗ ಮಾತ್ರ ಎರಡೂ ಪಕ್ಷದವರು ಗಪ್‌ಚುಪ್. ಅರ್ಜಿ ಬರೆಯುವುದು ಯಾರು ಹೇಳಿ!

ಅಮ್ಮ ಈಗ ಪಾರ್ಕಿಗೆ ಬರುವುದಿಲ್ಲ. ತಾರಸಿ ಮೇಲೆ ಒಣಹಾಕಿದ ಬಟ್ಟೆ ಸರಿಸಿಕೊಂಡು ಇಪ್ಪತ್ತು ಸುತ್ತು ಹಾಕುತ್ತಾರೆ. ಮಳೆ ಬಂದರೆ ಅದೂ ಇಲ್ಲ. ನಾನು ಒಬ್ಬಳೇ ಹೋಗುತ್ತೇನೆ. ಇವತ್ತು ಬೆಳಗ್ಗೆ ತಿರುವಿನಲ್ಲಿ ಬ್ರೂನೋ ಮತ್ತೆ ಎದುರಾದ. ಯಜಮಾನರ ಕೊರಳಲ್ಲಿ ಅದೇ ಕೆಂಪು ಬೆಲ್ಟ್. ನಾನು ಕಾಲು ಹಿಂದಿಟ್ಟೆ. ಅವರು ನಕ್ಕರು. ಹೇಳಿದ ಮಾತು ಮೊದಲ ಸಾಲಿನಲ್ಲೇ ಬರೆದಿದ್ದೇನೆ.

ಬರುವ ಗುರುವಾರ ಅಮ್ಮನಿಗೆ 28ನೇ ದಿನದ ಸೂಜಿ. ಕಾರ್ಡಿನ ಫೋಟೋ ಇನ್ನೂ ಬಂದಿಲ್ಲ.