ಕೊಟ್ಟಾರ ಚೌಕಿಯ ಆಘಾತ ತರಂಗ

ಈ ಸಲವೂ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನೀರು ನಿಂತಿತು, ಈ ಸಲವೂ ಸಂಬಂಧಪಟ್ಟವರಿಗೆ ಆಘಾತವಾಯಿತು. ಟಿವಿಯಲ್ಲಿ ‘ಮಂಗಳೂರಿಗೆ ಬಿಗ್ ಶಾಕ್’ ಎಂದು ಕೆಂಪಕ್ಷರ ಓಡಿತು. ಜೂನ್‌ನಲ್ಲಿ ಮಳೆ ಬರುತ್ತದೆಂದು ಅವರಿಗೆ ಯಾರಾದರೂ ಮೊದಲೇ ಒಂದು ಮಾತು ಹೇಳಬಾರದಿತ್ತೇ ಮಾರಾಯ್ರೆ!

ಭೌತಶಾಸ್ತ್ರದ ಆಘಾತ ತರಂಗಕ್ಕೆ ಇಷ್ಟು ಶಿಸ್ತಿಲ್ಲ. ಅದು ಹೇಳದೆ ಕೇಳದೆ ಬರುತ್ತದೆ. ಗಾಳಿಯಲ್ಲಿ ಸುದ್ದಿ ಮುಟ್ಟುವುದು ಶಬ್ದದ ವೇಗದಲ್ಲಿ, ಸೆಕೆಂಡಿಗೆ ಸುಮಾರು 340 ಮೀಟರ್. ಆಘಾತ ತರಂಗದ ಓಟ ಅದಕ್ಕಿಂತ ವೇಗ. ಹಾಗಾಗಿ ಎದುರಿನ ಗಾಳಿಗೆ ಸರಿದು ನಿಲ್ಲಲು ಪುರುಸೊತ್ತೇ ಇಲ್ಲ. ಮೈಕ್ರಾನ್ ಲೆಕ್ಕದ ಪದರದೊಳಗೆ ಒತ್ತಡ ಒಮ್ಮೆಲೇ ಏರಿಬಿಡುತ್ತದೆ. 2013ರ ಫೆಬ್ರವರಿ 15ರಂದು ರಷ್ಯದ ಚೆಲ್ಯಾಬಿನ್‌ಸ್ಕ್ ಮೇಲೆ ಉಲ್ಕೆ ಸಿಡಿದಾಗ ಮೊದಲು ಕಂಡದ್ದು ಬೆಳಕು. ಎಂಥದದು ಎಂದು ಜನ ಕಿಟಕಿಗೆ ಓಡಿದರು. ಒಂದೆರಡು ನಿಮಿಷ ಕಳೆದು ತರಂಗ ಬಂತು, ಗಾಜು ಮುಖಕ್ಕೆ ಸಿಡಿಯಿತು. ಗಾಯಗೊಂಡವರು ಸಾವಿರಕ್ಕೂ ಹೆಚ್ಚು. ನಮ್ಮವರು ಬೆಳಕು ಕಂಡು ವರ್ಷಗಳಾದವು. ಇನ್ನೂ ಕಿಟಕಿಯಲ್ಲೇ ಇದ್ದಾರೆ, ಫೋಟೊಗೆ ನಿಂತುಕೊಂಡು.

ಇದೇ ತರಂಗದಿಂದ ಕಿಡ್ನಿ ಕಲ್ಲನ್ನೂ ಒಡೆಯುತ್ತಾರೆ. 1980ರಲ್ಲಿ ಮ್ಯೂನಿಕ್‌ನಲ್ಲಿ ಶುರುವಾದ ಚಿಕಿತ್ಸೆ. ನಿಮಿಷಕ್ಕೆ 60ರಿಂದ 90 ಪೆಟ್ಟು, ಒಟ್ಟು ಎರಡು-ಮೂರು ಸಾವಿರ. ಯಂತ್ರದ ತಲೆಗೂ ಸೊಂಟದ ಚರ್ಮಕ್ಕೂ ನಡುವೆ ಜೆಲ್ ಧಾರಾಳ ಹಚ್ಚಬೇಕು, ಒಳಗೆ ಗಾಳಿಗುಳ್ಳೆ ಉಳಿಯಬಾರದು. ಉಳಿದರೆ ತರಂಗದ ಬಹುಪಾಲು ಅಲ್ಲಿಂದಲೇ ವಾಪಸ್ ಪುಟಿಯುತ್ತದೆ. ಪೆಟ್ಟಿನ ಲೆಕ್ಕ ಏರುತ್ತಲೇ ಇರುತ್ತದೆ, ಕಲ್ಲು ಹಂದುವುದಿಲ್ಲ. ತುರ್ತು ಸಭೆಯ ಮೇಜಿಗೂ ಚೌಕಿಯ ಮಳೆನೀರು ಹರಿಯುವ ತೋಡಿಗೂ ನಡುವೆ ಇರುವುದು ಬರೀ ಗಾಳಿ. ಅಲ್ಲಿ ವ್ಯಕ್ತವಾದ ಆಘಾತ ಇಲ್ಲಿಗೆ ತಲುಪುವುದು ಹೇಗೆ? ಜೆಲ್‌ಗೆ ಟೆಂಡರ್ ಕರೆಯಬಹುದು. ಅದು ಮುಗಿಯುವಾಗ ಅಷ್ಟಮಿ ಕಳೆದಿರುತ್ತದೆ, ಮಳೆ ನಿಂತಿರುತ್ತದೆ, ಕಡತಕ್ಕೂ ಸಮಾಧಾನ.

ತಮಾಷೆ ಸಾಕು. ಇದರಲ್ಲಿ ದೊಡ್ಡ ವಿಜ್ಞಾನವೇನೂ ಇಲ್ಲ. ಏಪ್ರಿಲ್‌ನಲ್ಲಿ ಹೂಳೆತ್ತಬೇಕು, ಎತ್ತಿದ್ದನ್ನು ಅದೇ ದಿನ ಟಿಪ್ಪರಿಗೆ ತುಂಬಿ ಸಾಗಿಸಬೇಕು. ದಡದಲ್ಲೇ ರಾಶಿ ಹಾಕಿದರೆ ಮೊದಲ ಮಳೆಗೇ ಅದು ತೋಡಿಗೆ ವಾಪಸ್. ಮೋರಿಯ ಬಾಯಿಗೆ ಅಡ್ಡ ಹಾಯ್ದ ಪೈಪು, ಕೇಬಲ್ಲುಗಳನ್ನು ಮೇಲೆತ್ತಬೇಕು. ಪ್ಲಾಸ್ಟಿಕ್ ಅವಕ್ಕೇ ಸಿಕ್ಕಿಕೊಂಡು ನೀರು ಕಟ್ಟುವುದು. ಸಮುದ್ರ ಉಬ್ಬರದಲ್ಲಿರುವಾಗ ನೀರು ಹೇಗೂ ನಿಧಾನ ಇಳಿಯುತ್ತದೆ, ಆಗ ತೋಡೂ ಕಟ್ಟಿದ್ದರೆ ಅದು ಅಂಗಡಿಗೆ ನುಗ್ಗದೆ ಇನ್ನೆಲ್ಲಿಗೆ ಹೋಗಬೇಕು? ತಗ್ಗಿನ ಅಂಗಡಿಯವರು ಮೇ ಕೊನೆಗೇ ಫ್ರಿಜ್ಜಿನಡಿಗೆ ಕೆಂಪುಕಲ್ಲು ಇಡುತ್ತಾರೆ. ಅವರಿಗೆ ಹವಾಮಾನ ಇಲಾಖೆಯ ರೆಡ್ ಅಲರ್ಟ್ ಬೇಕಾಗಿಲ್ಲ. ಮಳೆ ಬರುತ್ತದೆಂದು ಅವರಿಗೆ ಗೊತ್ತು, ನೀವು ಬರುವುದಿಲ್ಲವೆಂದೂ ಗೊತ್ತು.