ಸಮುದ್ರಕ್ಕೆ ಸೋಪು ಹಾಕುವ ಮಾತು

2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಕಂಟೇನರ್ ಹಡಗು ಕೇರಳದ ಕರಾವಳಿಯಾಚೆ ಮುಳುಗಿತು. ಅದರ ಟ್ಯಾಂಕುಗಳಲ್ಲಿ ಸುಮಾರು 367 ಟನ್ ಫರ್ನೆಸ್ ಆಯಿಲ್ ಇತ್ತು. ಆ ವಾರ ಜಯನಗರದ ದರ್ಶಿನಿಯೊಂದರಲ್ಲಿ ಕಾಫಿ ಕುಡಿಯುತ್ತಿದ್ದಾಗ ಸಹೋದ್ಯೋಗಿಯೊಬ್ಬರು, "ಸೋಪಿನಂಥದ್ದು ಏನಾದ್ರೂ ಹಾಕಿ ಕರಗಿಸೋಕಾಗಲ್ವಾ ಸಾರ್?" ಎಂದು ಕೇಳಿದರು. ನಗುವ ಪ್ರಶ್ನೆಯಲ್ಲ ಅದು. ಹಲವು ಕಡೆ ಮಾಡಿರುವುದು ಅದನ್ನೇ. ನನ್ನ ತಕರಾರೂ ಅದರ ಮೇಲೆಯೇ.

2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೈಲಬಾವಿ ಕೊರೆಯುವ ರಿಗ್ ಸ್ಫೋಟಗೊಂಡು ಹನ್ನೊಂದು ಕಾರ್ಮಿಕರು ಸತ್ತರು. ಬಾವಿಯ ಬಾಯಿ ಮುಚ್ಚಲು 87 ದಿನ ಬೇಕಾಯಿತು. ಸಾವಿರಾರು ದೋಣಿಗಳು ದುಡಿದರೂ, ಎಣ್ಣೆಯನ್ನು ಕೆನೆಯಂತೆ ಎತ್ತುವ ಸ್ಕಿಮ್ಮರ್ ಯಂತ್ರಗಳು ನೀರಿನ ಮೇಲಿನಿಂದ ತೆಗೆದದ್ದು ಒಟ್ಟು ತೈಲದ ಶೇಕಡ 3ರಷ್ಟು ಮಾತ್ರ, ಸುಟ್ಟದ್ದು ಶೇಕಡ 5ರಷ್ಟು ಎಂದು ಅಮೆರಿಕ ಸರ್ಕಾರವೇ ಲೆಕ್ಕ ಹಾಕಿತು. ಜೊತೆಗೆ ಸುಮಾರು 70 ಲಕ್ಷ ಲೀಟರ್ ಡಿಸ್ಪರ್ಸೆಂಟ್ ಸುರಿಯಲಾಯಿತು, ಅದರಲ್ಲಿ ಒಂದು ಪಾಲನ್ನು ಸುಮಾರು 1,500 ಮೀಟರ್ ಆಳದ ಬಾವಿಯ ಬಾಯಿಗೇ.

ಡಿಸ್ಪರ್ಸೆಂಟ್ ಎಂದರೆ ಪಾತ್ರೆ ತೊಳೆಯುವ ದ್ರವದ ಬಂಧುವೇ. ಅದು ಎಣ್ಣೆಯನ್ನು ತೆಗೆಯುವುದಿಲ್ಲ, ಸಣ್ಣ ಹನಿಗಳಾಗಿ ಒಡೆದು ನೀರಿನೊಳಕ್ಕೆ ಇಳಿಸುತ್ತದೆ. ಮೇಲ್ಪದರದ ಹಕ್ಕಿಗಳಿಗೂ ದಡದ ಕಾಂಡ್ಲಾ ಕಾಡಿಗೂ ಇದರಿಂದ ಉಪಕಾರವುಂಟು, ಎಣ್ಣೆ ತಿನ್ನುವ ಸೂಕ್ಷ್ಮಜೀವಿಗಳಿಗೂ ಸಣ್ಣ ಹನಿ ಸುಲಭ. ಆದರೆ ಕೆಳಗಿರುವ ಮೀನಿನ ಮೊಟ್ಟೆ, ಮರಿಗಳ ಪಾಲಿಗೆ ಬರುವುದು ಅದೇ ಎಣ್ಣೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬರುವುದನ್ನು ನೋಡಿದ ನಾವು, ಬಚ್ಚಲಲ್ಲಿ ಕಣ್ಮರೆಯಾದ ಸೋಪು ಎಲ್ಲಿಗೆ ಹೋಗುತ್ತದೆಂದು ಚೆನ್ನಾಗಿಯೇ ಬಲ್ಲೆವು.

ಹಾಗೆಂದು ಸೋಪು ಬೇಡ, ಬೂಮ್ ಕಟ್ಟಿ ಎಂದರೂ ಮುಗಿಯದು. ತೇಲುವ ಬೇಲಿಯಂಥ ಬೂಮ್ ಶಾಂತ ನೀರಿನಲ್ಲಿ ಎಣ್ಣೆಯನ್ನು ತಡೆಯುತ್ತದೆ. ಅಲೆ ಎದ್ದರೆ, ಸೆಳೆತ ಜೋರಾದರೆ ಎಣ್ಣೆ ಅದರ ಮೇಲಿನಿಂದಲೋ ಅಡಿಯಿಂದಲೋ ನುಸುಳುತ್ತದೆ. ಅಷ್ಟರಲ್ಲಿ ನೀರನ್ನು ಹೀರಿಕೊಂಡ ಎಣ್ಣೆ ಉಬ್ಬಿ, ಪಂಪಿಗೂ ಸಿಗದ ಕಂದು ಮುದ್ದೆಯಾಗಿರುತ್ತದೆ. ಕಾರವಾರದ ಬಳಿ ಓಷನ್ ಸೆರಾಯಾ ಎಂಬ ಹಡಗು ಬಂಡೆಗೆ ಬಡಿದದ್ದು 2006ರ ಮೇ 30ರಂದು, ಮುಂಗಾರಿನ ಹೊಸ್ತಿಲಲ್ಲಿ. 2017ರಲ್ಲಿ ಚೆನ್ನೈನ ಎಣ್ಣೂರಿನ ಬಳಿ ಎರಡು ಹಡಗುಗಳು ಡಿಕ್ಕಿಯಾದಾಗಲಂತೂ ಕೆಸರಿನಂಥ ಎಣ್ಣೆಯನ್ನು ಜನ ಬಕೆಟ್ಟುಗಳಲ್ಲಿ ಎತ್ತಿದರು. ವಿಚಿತ್ರವೆಂದರೆ, ಆ ಬಕೆಟ್ಟಿಗೆ ಬಂದ ಎಣ್ಣೆಯಾದರೂ ನಿಜವಾಗಿ ಸಮುದ್ರದಿಂದ ಹೊರಗೆ ಬಂದಿತ್ತು.

ಆದ್ದರಿಂದ ಮುಂದಿನ ಸೋರಿಕೆಯ ವೇಳೆ ಪತ್ರಿಕಾ ಹೇಳಿಕೆಯಲ್ಲಿ "ತೈಲಪದರ ಕಾಣುತ್ತಿಲ್ಲ" ಎಂಬ ಸಾಲಿಗೆ ನಾನು ತೃಪ್ತನಾಗಲಾರೆ. ಎಷ್ಟು ಟನ್ ಸೋರಿತು, ಎಷ್ಟು ಟನ್ ಮೇಲೆತ್ತಿದಿರಿ, ಎಷ್ಟು ಲೀಟರ್ ಡಿಸ್ಪರ್ಸೆಂಟ್ ಸಿಂಪಡಿಸಿದಿರಿ ಎಂಬ ಮೂರು ಅಂಕಿಗಳನ್ನು ಬೇರೆಬೇರೆಯಾಗಿ, ಎಣ್ಣೆ ಹೀರಿಕೊಂಡ ನೀರಿನ ತೂಕವನ್ನು ಕಳೆದು ಕೊಡಬೇಕು.