ನಾರ್ಮಲ್ ಬಂತು ಅಂತ ಮಾತ್ರೆ ಬಿಡಬೇಡಿ
ಎಲ್‌ಡಿಎಲ್ (ರಕ್ತದಲ್ಲಿನ ಕೆಟ್ಟ ಕೊಲೆಸ್ಟ್ರಾಲ್, mg/dL ಲೆಕ್ಕದಲ್ಲಿ) 100ರ ಒಳಗಿದ್ದರೆ ಸಾಕು ಎಂದು ಕೊಲೆಸ್ಟ್ರಾಲ್ ಬಗೆಗಿನ ಒಂದು ಲೇಖನದಲ್ಲಿ ಓದಿದೆ. ಆರೋಗ್ಯವಾಗಿರುವವರಿಗೆ ಸರಿ. ಒಮ್ಮೆ ಹೃದಯಾಘಾತ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಲೆಕ್ಕವೇ ಬೇರೆ. ಯುರೋಪಿನ ಹೃದ್ರೋಗ ತಜ್ಞರ 2019ರ ಮಾರ್ಗಸೂಚಿಯಲ್ಲಿ ಅವರಿಗೆ 55ಕ್ಕಿಂತ ಕಡಿಮೆ ಇರಬೇಕು ಎಂದಿದೆ. ಜೊತೆಗೆ ಮೊದಲಿದ್ದದ್ದರ ಅರ್ಧಕ್ಕಾದರೂ ಇಳಿಯಬೇಕು.

ನಮ್ಮಪ್ಪನಿಗೆ ಸ್ಟೆಂಟ್ ಹಾಕಿದ ಆರು ತಿಂಗಳಿಗೆ 68 ಬಂತು. ‘ನಾರ್ಮಲ್ ಆಯ್ತಲ್ಲ, ಇನ್ನೇಕೆ ಮಾತ್ರೆ?’ ಎಂದು ಯಾರಿಗೂ ಹೇಳದೆ ಸುಮ್ನೆ ನಿಲ್ಲಿಸಿಬಿಟ್ಟರು. ಮೂರು ತಿಂಗಳಲ್ಲಿ 130! ರಿಪೋರ್ಟ್ ಚೆನ್ನಾಗಿ ಬಂದದ್ದೇ ಮಾತ್ರೆಯಿಂದ ಅಲ್ವಾ? ಕೊಲೆಸ್ಟ್ರಾಲ್ ಜಾಸ್ತಿ ತಯಾರಾಗುವುದು ನಮ್ಮ ದೇಹದಲ್ಲೇ, ಅದರಲ್ಲೂ ಲಿವರ್‌ನಲ್ಲಿ. ಅಪ್ಪ ನಿಲ್ಲಿಸಿದ ಮಾತ್ರೆ ಸ್ಟ್ಯಾಟಿನ್, ಅದು ಆ ತಯಾರಿಕೆಯನ್ನು ತಗ್ಗಿಸುತ್ತದೆ. ಮಾತ್ರೆ ನಿಂತರೆ ಲಿವರ್ ಹಳೇ ಕೆಲಸ ಶುರು ಮಾಡುತ್ತದೆ.

ಇನ್ನೊಂದು ವಿಷಯ. ಸ್ಟ್ಯಾಟಿನ್ ಡೋಸ್ ಎರಡರಷ್ಟು ಮಾಡಿದರೂ ಎಲ್‌ಡಿಎಲ್ ಹೆಚ್ಚುವರಿಯಾಗಿ ಇಳಿಯುವುದು ಸುಮಾರು ಶೇ 6 ಮಾತ್ರ. ಹಾಗಾಗಿ ಡಾಕ್ಟರು ಅಪ್ಪನಿಗೆ ಸ್ಟ್ಯಾಟಿನ್ ಜೊತೆ ಎಜೆಟಿಮೈಬ್ ಎಂಬ ಇನ್ನೊಂದು ಮಾತ್ರೆ ಸೇರಿಸಿದರು. ಅದು ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೊಳ್ಳುವುದನ್ನು ತಡೆಯುತ್ತದೆ. ಈಗ 52.

ಸ್ಟ್ಯಾಟಿನ್ ತಗೊಳ್ಳುವಾಗ ಮೈಕೈ ನೋವು ಬಂದರೆ ಡಾಕ್ಟರಿಗೆ ಹೇಳಿ. ಬೇರೆ ಸ್ಟ್ಯಾಟಿನ್ ಅಥವಾ ಕಡಿಮೆ ಡೋಸ್ ಕೊಟ್ಟು ನೋಡುತ್ತಾರೆ. ಮಾತ್ರೆ ಬದಲು ಬೆಳ್ಳುಳ್ಳಿ ಕಷಾಯ ಸಾಕಲ್ವಾ ಅಂತೀರಾ? ಅಪ್ಪ ಈಗಲೂ ಕುಡಿಯುತ್ತಾರೆ, ಮಾತ್ರೆ ನುಂಗಿದ ಮೇಲೆ.